ಸದ್ದು ಮಾಡದ ನಾಯಿ ಬೇಕಿತ್ತು

ಕರ್ನಾಟಕ ಒಂದಾದ ವರ್ಷ, ಅಂದರೆ ೧೯೫೬. ಆಗ ನಾನು ಬೆಟಗೇರಿಯಲ್ಲಿ ನೇಕಾರರೊಬ್ಬರ ಮನೆಯ ಮಾಳಿಗೆಯ ಮೇಲೆ, ಒಂದೇ ಖೋಲಿಯಲ್ಲಿ, ಒಬ್ಬಳೇ ಇದ್ದೆ. ಧಾರವಾಡದಲ್ಲಿ ಬಿ.ಎ. ಮುಗಿಸಿ ಗದಗಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಆ ದಿನಗಳಲ್ಲಿ ದಿನಚರಿ ಬರೆಯುವ ರೂಢಿಯೂ ಇತ್ತು. ಆದರೆ ಅದರಲ್ಲಿರುವುದನ್ನೆಲ್ಲ ಈಗ ನಂಬುವುದಿಲ್ಲ. ಬರೆದವಳೂ ನಾನೇ ಅಲ್ಲವೇ.

ಅವ್ವ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಬೇರೆ ಯಾರೂ ಇರಲಿಲ್ಲ. ಶಾಲೆಯಲ್ಲಿ ಹಗಲೆಲ್ಲ ಮಾತಾಡಿ ಸಂಜೆ ಖೋಲಿಗೆ ಬಂದರೆ, ಕೆಳಗೆ ಮಗ್ಗಗಳ ಲಟಕ್ ಪಟಕ್ ಸದ್ದು. ಮಗ್ಗ ನಿಂತ ಮೇಲೆ ಅದೂ ಇಲ್ಲ. ರವಿವಾರ ಒಂದು ಮಾತೂ ಆಡದೆ ಕಳೆದು, ಸೋಮವಾರ ಹಾಜರಿ ಕರೆಯುವಾಗ ಮೊದಲ ಹೆಸರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಒಂದು ನಾಯಿ ಸಾಕಿಕೊಳ್ಳಲೇ ಎಂದು ಮನೆಯ ಮಾಲಕಿ ನೀಲವ್ವನನ್ನು ಕೇಳಿದೆ. ಆಕೆ ನೂಲು ಸುತ್ತುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಮಾಳಿಗಿ ಮ್ಯಾಲ ನಾಯೇನ್ರಿ ಅಕ್ಕಾರ? ಎಂಥಾ ನಾಯಿ?"

"ಮುಧೋಳದ್ದು ಒಂದು ಸಿಕ್ಕರೆ..."

"ಅಯ್ಯ ಶಿವನ! ಅದು ನಾಯಲ್ರಿ, ಕುದರಿ. ನಿಮ್ಮ ಖೋಲ್ಯಾಗ ಅದು ಮಲಗಿದ್ರ ನೀವು ಮೆಟ್ಟಲ ಮ್ಯಾಲ ಮಲಗಬೇಕಾಕ್ಕತಿ."

"ಹಾಗಾದರೆ ಕುರುಬರ ಕಡೆಯಿಂದ..."

"ಅದು ರಾತ್ರಿಯೆಲ್ಲ ಇಲ್ಲದ ತ್ವಾಳಕ್ಕ ಬೊಗಳತೈತಿ. ನಮಗೂ ನಿದ್ದಿ ಬ್ಯಾಡೇನು? ಸಣ್ಣದಿರಬೇಕು, ಸದ್ದು ಮಾಡಬಾರ್ದು. ಬೊಗಳಿದ ದಿನ ಹೊರಗ. ಆತಿಲ್ಲೋ?"

ಆಯಿತು ಎಂದೆ.

ಸಣ್ಣ ಜಾತಿಯ ನಾಯಿಮರಿಗಳು ಲಕ್ಷ್ಮೇಶ್ವರದಲ್ಲಿ ಇವೆ ಎಂಬ ಖಬರು ತಂದವಳೂ ನೀಲವ್ವನೇ. ಆ ಊರು ಮಿರಜ ಸಂಸ್ಥಾನಕ್ಕೆ ಸೇರಿದ್ದಾಗ ಅಲ್ಲಿ ದೊಡ್ಡ ಕೆಲಸದಲ್ಲಿದ್ದವರೊಬ್ಬರ ಮನೆ. ರಾಜ್ಯ ಬೇರೆಯಾಗುತ್ತದೆ, ಇನ್ನು ಈ ಕಡೆ ನಮಗೇನು ಎಂದು ಅವರು ಸಾಮಾನು ಕಟ್ಟಿ ಮಿರಜಿಗೆ ಹೊರಟಿದ್ದರು. ಮಡಿಲಲ್ಲಿ ಹಿಡಿಸುವಂಥ ಬಿಳಿ ನಾಯಿ, ಅದರ ಮರಿಗಳನ್ನು ಬೇಕಾದವರಿಗೆ ಕೊಡುತ್ತಿದ್ದರು. ನಾನೂ ನೀಲವ್ವನೂ ಮೋಟಾರು ಹತ್ತಿ ಹೋದೆವು. ದಾರಿಯಲ್ಲಿ ಆಕೆಯ ಕೈಚೀಲ ಆಗಾಗ ಟಣ್ ಎನ್ನುತ್ತಿತ್ತು. ಏನೆಂದು ಕೇಳಿದರೆ, "ಪರೀಕ್ಷಾ ಮಾಡಾಕ ನಿಮಗಷ್ಟ ಬರತೈತೇನ್ರಿ?" ಎಂದು ನಕ್ಕಳು.

ಅಲ್ಲಿನ ಪಡಸಾಲೆಯಲ್ಲಿ ನಾಲ್ಕೈದು ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ನೀಲವ್ವ ಚೀಲದಿಂದ ಹಿತ್ತಾಳೆಯ ಗಂಗಾಳ ತೆಗೆದು, ಅವುಗಳ ಬೆನ್ನ ಹಿಂದೆ ನಿಂತು, ಸೌಟಿನಿಂದ ಫಡ್ ಎಂದು ಬಾರಿಸಿದಳು. ಮನೆಯವರೇ ಬೆಚ್ಚಿಬಿದ್ದರು. ಒಂದು ಮರಿ ಕಿರುಚಿತು, ಒಂದು ಬೊಗಳಿತು, ಉಳಿದವು ತಾಯಿಯ ಹೊಟ್ಟೆಯ ಕೆಳಗೆ ನುಗ್ಗಿದವು. ಪೂರಾ ಬಿಳಿಯ ಒಂದು ಮರಿ ಮಾತ್ರ ನೆಲದ ಮೇಲಿನ ಬಿಸಿಲನ್ನು ನೆಕ್ಕುತ್ತ ಕೂತಿತ್ತು. ಇನ್ನೊಮ್ಮೆ ಬಾರಿಸಿದಳು. ಅದು ಆಕಳಿಸಿತು.

"ಇದ ನೋಡ್ರಿ!" ಎಂದಳು ನೀಲವ್ವ. "ಏನು ಸಂಭಾವಿತ! ನಮ್ಮ ಮಗ್ಗದ ಸದ್ದಿಗೂ ಅಂಜಂಗಿಲ್ಲ, ಯಾರಿಗೂ ಬೊಗಳಂಗಿಲ್ಲ."

ನನಗೂ ಅದೇ ಸರಿ ಅನ್ನಿಸಿತು. ಮಲ್ಲಿ ಎಂದು ಹೆಸರಿಟ್ಟೆ.

ಆ ಬೇಸಿಗೆಯಿಂದ ನನ್ನ ಸಂಜೆಗಳು ಬದಲಾದವು. ಮಾಳಿಗೆಯ ಮೆಟ್ಟಿಲು ಕಟ್ಟಿಗೆಯದು, ಖೋಲಿಯ ನೆಲವೂ ಹಲಗೆಯದೇ. ನಾನು ಮೆಟ್ಟಿಲು ಹತ್ತಿ ಮೇಲೆ ಬರುವುದರೊಳಗೆ ಮಲ್ಲಿ ಬಾಗಿಲಲ್ಲಿ ಬಾಲ ಆಡಿಸುತ್ತ ನಿಂತಿರುತ್ತಿತ್ತು. ಸ್ಟೋವಿನ ಮುಂದೆ ಕೂತು ನಾನು ಮಾತಾಡುತ್ತಿದ್ದೆ. ಮೊದಮೊದಲು ಶಾಲೆಯ ಸುದ್ದಿ, ಆಮೇಲೆ ಅವ್ವನ ಸುದ್ದಿ. ಕೊನೆಯ ದಿನ ಅವ್ವ ಏನೋ ಹೇಳಲು ಬಾಯಿ ತೆರೆದದ್ದು, ಏನೆಂದು ನನಗೆ ತಿಳಿಯದೇ ಹೋದದ್ದು, ಇದನ್ನು ನಾನು ಹೇಳಿದ್ದು ಮಲ್ಲಿಗೆ ಮಾತ್ರ. ಅದು ಕತ್ತು ಹೊರಳಿಸಿ ನನ್ನ ಮುಖವನ್ನೇ ನೋಡುತ್ತಿತ್ತು. 'ಇಂದು ಎಲ್ಲವನ್ನೂ ಕೇಳಿಸಿಕೊಂಡಿತು' ಎಂದು ದಿನಚರಿಯಲ್ಲಿ ಬರೆದಿದ್ದೇನೆ.

ನವೆಂಬರ್ ಒಂದನೇ ತಾರೀಖು ಬಂತು. ಓಣಿಯಲ್ಲೆಲ್ಲ ತೋರಣ, ಮೆರವಣಿಗೆ, ಬಾಜಾ. ಆ ವರ್ಷ ದೀಪಾವಳಿಯೂ ಅದರ ಬೆನ್ನಿಗೇ ಇತ್ತು. ಹಾಗಾಗಿ ಯಾವ ಪಟಾಕಿ ರಾಜ್ಯಕ್ಕೆ, ಯಾವುದು ಹಬ್ಬಕ್ಕೆ ಎಂದು ಈಗ ಬೇರ್ಪಡಿಸಿ ಹೇಳಲಾರೆ. ಸಂಜೆ ನಮ್ಮ ಬಾಗಿಲ ಮುಂದೆಯೇ ಒಂದು ಸರ ಹಚ್ಚಿದರು. ಓಣಿಯ ನಾಯಿಗಳೆಲ್ಲ ನೇಯುವವರು ಕಾಲು ಇಳಿಬಿಡುವ ನೀಲವ್ವನ ಮಗ್ಗದ ಕುಣಿಗೆ ಹಾರಿದವು. ಅವಳ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಮಲ್ಲಿ ಮಾಳಿಗೆಯ ಹೊಸ್ತಿಲ ಮೇಲೆ ಮೂತಿ ಇಟ್ಟು ಮಲಗಿತ್ತು. ಕಿವಿಯ ತುದಿ ಕೂಡ ಅಲುಗಲಿಲ್ಲ.

ನೀಲವ್ವ ನಗುತ್ತ ಮೇಲೆ ಬಂದಳು. "ನೋಡಿದ್ರ್ಯಾ ಅಕ್ಕಾರ, ನಾ ಆರಿಸಿದ್ದು! ಊರು ಹಾರಿ ಹೋದ್ರೂ..." ಅಷ್ಟಕ್ಕೇ ನಿಂತಳು. ಹೊರಗೆ ಇನ್ನೊಂದು ಸರ ಸಿಡಿಯಿತು. ಇಬ್ಬರೂ ಮಲ್ಲಿಯ ಕಿವಿಯನ್ನೇ ನೋಡುತ್ತಿದ್ದೆವು. ಆಕೆ ಮೆಲ್ಲಗೆ ಬಾಗಿ ಅದರ ತಲೆಯ ಹಿಂದೆ ಚಪ್ಪಾಳೆ ತಟ್ಟಿದಳು, ಮತ್ತೆ ತಟ್ಟಿದಳು.

"ಅಯ್ಯೋ, ಇದಕ್ಕ ಕಿವೀನ ಕೇಳಂಗಿಲ್ರಿ," ಎಂದಳು.

ಮಲ್ಲಿ ಎಂಬ ತನ್ನ ಹೆಸರನ್ನು ಅದು ಒಮ್ಮೆಯೂ ಕೇಳಿರಲಿಲ್ಲ. ಅವ್ವನ ಸುದ್ದಿಯನ್ನೂ ಕೇಳಿರಲಿಲ್ಲ. ನಾನು ಇಷ್ಟು ದಿನ ಗೋಡೆಗೆ ಹೇಳಿದ್ದೆ. ಕತ್ತು ಹೊರಳಿಸುತ್ತಿದ್ದದ್ದು ಏತಕ್ಕೆ? ನನ್ನ ತುಟಿ ಅಲುಗುವುದಕ್ಕೋ, ಸ್ಟೋವಿನ ಉರಿಗೋ, ರೊಟ್ಟಿಗೋ? ಅದು ಕತ್ತು ಹೊರಳಿಸಿದ್ದಾದರೂ ನಿಜವೇ? ಹೊರಗೆ ಜಯಕಾರ ನಡೆದೇ ಇತ್ತು. ಅವ್ವ ಹೋದ ದಿನವೂ ಆ ಖೋಲಿ ಅಷ್ಟು ಖಾಲಿ ಅನ್ನಿಸಿರಲಿಲ್ಲ.

ನೀಲವ್ವನಿಗೆ ತನ್ನ ಪರೀಕ್ಷೆಯೇ ಕೈಕೊಟ್ಟಿತೆಂಬ ನಾಚಿಕೆ. "ನಾಗಾವ್ಯಾಗ ನಮ್ಮ ಅಕ್ಕನ ಹೊಲ ಐತಿ, ಅಲ್ಲಿ ಬಿಟ್ಟು ಬರೋಣ್ರಿ. ನಿಮಗ ಕಿವಿ ಇರೋದು ಬ್ಯಾರೆ ನೋಡೋಣು," ಎಂದಳು. ಹೊಲದಲ್ಲಿ ತೋಳ ಹಿಂದಿನಿಂದ ಬಂದರೆ ಇದಕ್ಕೆ ತಿಳಿಯದು, ಗಾಡಿ ಬಂದರೂ ತಿಳಿಯದು. ಅದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಆದರೂ ನಾನು ಹೂಂ ಎಂದೆ.

ಮರುದಿನ ಮುಂಜಾನೆ ಮಲ್ಲಿಯನ್ನು ಒಯ್ಯಲು ಬುಟ್ಟಿ ತರಲೆಂದು ಕೆಳಗೆ ಹೋಗಿದ್ದೆ. ಹಬ್ಬದ ರಜೆ, ಮಗ್ಗಗಳು ನಿಂತಿದ್ದವು. ಮಲ್ಲಿಗೆ ಗೊತ್ತಾಗದಂತೆ ಬರಬೇಕು ಅನ್ನಿಸಿ, ಕಿವುಡು ನಾಯಿಗೆ ಗೊತ್ತಾಗುವುದೇನು ಎಂಬ ವಿಚಾರವೂ ಇಲ್ಲದೆ, ಚಪ್ಪಲಿ ಬಿಟ್ಟು ಬೆಕ್ಕಿನಂತೆ ಹತ್ತಿದೆ. ಅದು ನನಗೆ ಬೆನ್ನು ಮಾಡಿ ಮಲಗಿತ್ತು. ಬಾಗಿಲಲ್ಲೇ ನಿಂತೆ. ಏಳಲಿಲ್ಲ. ಹಾಗಾದರೆ ದಿನಾ ಸಂಜೆ ನಾನು ಬರುವ ಮೊದಲೇ ಬಾಗಿಲಿಗೆ ಹೇಗೆ ಬರುತ್ತಿತ್ತು?

ಮತ್ತೆ ಕೆಳಗಿಳಿದೆ. ಚಪ್ಪಲಿ ಮೆಟ್ಟಿ, ಶಾಲೆಯಿಂದ ದಣಿದು ಬರುವಾಗ ಹೇಗೆ ಭಾರವಾಗಿ ಹತ್ತುತ್ತಿದ್ದೆನೋ ಹಾಗೆ ಹತ್ತಿದೆ. ಮೇಲೆ ತಲೆ ಎತ್ತುವಾಗ ಮಲ್ಲಿ ಬಾಗಿಲಲ್ಲಿತ್ತು, ಬಾಲ ಆಡಿಸುತ್ತ, ಹಲಗೆಗೆ ಒತ್ತಿ ಮಲಗಿದ್ದ ಗುರುತು ಹೊಟ್ಟೆಯ ಮೇಲೆ. ದಿನವಿಡೀ ಆ ಹಲಗೆಯ ಮೇಲೆ ಮಲಗಿ ಅದು ಕಾಯುತ್ತಿದ್ದದ್ದು ನನ್ನ ಹೆಜ್ಜೆಗೆ ಹಲಗೆ ಅದುರುವುದನ್ನು.

ಬುಟ್ಟಿಯನ್ನು ಕೆಳಗೆ ಒಯ್ದು ಕೊಟ್ಟೆ. "ಬ್ಯಾಡ ನೀಲವ್ವ, ಇರಲಿ," ಎಂದೆ. ಧಾರವಾಡದಲ್ಲಿ ಕಲಿತ ಮೇಲೆ ಬಿಟ್ಟಿದ್ದ ನಮ್ಮ ಕಡೆಯ ಆಡುಮಾತು ತಾನಾಗಿ ಬಾಯಿಗೆ ಬಂದಿತ್ತು.

ಅಂದಿನಿಂದ ಅದನ್ನು ಕರೆಯಬೇಕಾದರೆ ಹಿಮ್ಮಡಿಯಿಂದ ಹಲಗೆ ಗುದ್ದುತ್ತಿದ್ದೆ. ನಾಲ್ಕು ದಿನಕ್ಕೆ ನೀಲವ್ವ ಸೆರಗು ಸಿಕ್ಕಿಸಿ ಮೇಲೆ ಬಂದಳು.

"ಅಕ್ಕಾರ, ನಾಯಿ ಬೊಗಳಬಾರ್ದು ಅಂತ ಕರಾರು ಮಾಡಿದ್ದೆ. ಈಗ ನೀವ ಬೊಗಳಾಕ ಹತ್ತೀರಲ್ರಿ! ಮ್ಯಾಲಿನ ಧೂಳೆಲ್ಲ ನಮ್ಮ ನೂಲಿನ ಮ್ಯಾಲ ಬೀಳತೈತಿ."

ಇನ್ನು ಖೋಲಿ ಬಿಡಿಸುತ್ತಾಳೆ ಎಂದುಕೊಂಡೆ. ಸಂಜೆ ಬಂದು ನೋಡಿದರೆ ಗಂಡ-ಹೆಂಡತಿ ಸೇರಿ ಮಗ್ಗದ ಮೇಲೆ ಒಂದು ಹಳೆಯ ಸೀರೆಯನ್ನು ಚಪ್ಪರದಂತೆ ಕಟ್ಟಿದ್ದರು. ಆಮೇಲಾಮೇಲೆ ಆಕೆಯೂ ಕೆಳಗಿನಿಂದ ಕೋಲಿನಲ್ಲಿ ಹಲಗೆ ಕುಟ್ಟುತ್ತಿದ್ದಳು. ಮಲ್ಲಿ ಇಳಿದು ಓಡುತ್ತಿತ್ತು. "ನಾಯಿನಷ್ಟ ಕರದಿಲ್ರಿ, ನೀವೂ ಬರ್ರಿ, ಬಿಸಿ ರೊಟ್ಟಿ ಐತಿ," ಎಂದು ಕೂಗುತ್ತಿದ್ದಳು.

ಮಲ್ಲಿಯೊಡನೆ ಮಾತಾಡುವುದನ್ನು ನಾನು ಬಿಡಲಿಲ್ಲ. ಕೇಳಿಸುವುದಿಲ್ಲ ಎಂದು ಗೊತ್ತಾದ ಮೇಲೆ ಇನ್ನಷ್ಟು ನಿಜ ಹೇಳಿದೆ ಅನ್ನಿಸುತ್ತದೆ. ಹಲವು ವರ್ಷ ನನ್ನೊಡನೆ ಬಾಳಿ ಅದು ಸತ್ತಾಗ ನಾಗಾವಿಯ ಅದೇ ಹೊಲದಲ್ಲಿ ಹೂಳಿದೆವು.

ಈಗ ನನ್ನ ಮನೆಯ ನೆಲ ಕಲ್ಲಿನದು. ಎಷ್ಟು ಭಾರವಾಗಿ ನಡೆದರೂ ಅದು ಯಾರಿಗೂ ಖಬರು ಮುಟ್ಟಿಸುವುದಿಲ್ಲ. ಆದರೂ ಹೊರಗಿನಿಂದ ಬಂದು ಬೀಗ ತೆಗೆದಾಗ, ಹೊಸ್ತಿಲ ಮೇಲೆ ಒಮ್ಮೆ ಹಿಮ್ಮಡಿ ಗುದ್ದಿಯೇ ಒಳಗೆ ಹೋಗುತ್ತೇನೆ.