ಎರಡೆಳೆ ಸರಕ್ಕೂ ಬಗ್ಗದ ದವಡೆ

ಇವತ್ತು ಬೆಳಿಗ್ಗೆ ಬೀರುವಿನಲ್ಲಿ ಆಸ್ಪತ್ರೆಯ ಫೈಲು ಹುಡುಕುವಾಗ ನಮ್ಮತ್ತೆಯ ಎರಡೆಳೆ ಸರ ಕೈಗೆ ಸಿಕ್ಕಿತು. ಅದು ಒಡವೆಯಲ್ಲ, ನಮ್ಮ ಮನೆಯ ಔಷಧಿ. ನಗಬೇಡಿ. ಮಂಗನಬಾವು ಬಂದ ಮಗುವಿನ ಕೊರಳಿಗೆ ಚಿನ್ನ ಹಾಕಿದರೆ ಬಾವು ಇಳಿಯುತ್ತದೆಂದು ನಿಮ್ಮಜ್ಜಿಯೂ ನಂಬಿದ್ದಿರಬಹುದು.

ನನ್ನ ಮಗಳು ಚಿನ್ಮಯಿಗೆ ಆಗ ಏಳು ವರ್ಷ. ಎಡಗೆನ್ನೆ ಊದಿಕೊಂಡಿತು, ಜ್ವರವಿಲ್ಲ, ನೋವಿಲ್ಲ. ಭದ್ರಾವತಿ ನ್ಯೂ ಟೌನಿನ ನಮ್ಮ ಮನೆಯಲ್ಲಿ ಅತ್ತೆ ಸರ ತೊಡಿಸಿದರು. ಹದಿನೈದು ದಿನವಾದರೂ ಊತ ಇಳಿಯಲಿಲ್ಲ. "ಚಿನ್ನ ಸಾಕಾಗಿಲ್ಲ ಕಣೇ," ಎಂದು ನನ್ನ ಸರವನ್ನೂ ಕೇಳಿದರು. ಬಿ.ಎಸ್ಸಿ. ಓದಿದ ನಾನು ಅದನ್ನೂ ಬಿಚ್ಚಿಕೊಟ್ಟೆ. ಹೀಗೆ ಎರಡು ತಿಂಗಳು ಕಳೆದವು. ಆ ಎರಡು ತಿಂಗಳಿಗಾಗಿ ನನಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ.

ಕೊನೆಗೆ ಶಿವಮೊಗ್ಗದ ರವೀಂದ್ರನಗರದಲ್ಲಿ ದವಡೆಯ ಆಪರೇಷನ್ ಮಾಡುವ ಡಾಕ್ಟರಮ್ಮನ ಬಳಿ ಹೋದೆವು. ಅವರು ಸ್ಕ್ಯಾನ್ ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಮತ್ತೆ ಅವರೆದುರು ಹೋಗಿ ಕೂತೆವು.

"ಕ್ಯಾನ್ಸರ್ ಅಲ್ಲ," ಎಂದರು. "ಹಲ್ಲು ಮೂಡಿಸ್ಬೇಕಾದ ಜೀವಕೋಶಗಳೇ ಗಡ್ಡೆ ಕಟ್ಟಿವೆ. ಮಕ್ಕಳಲ್ಲಿ ಅಪರೂಪ, ನಾನೂ ಮುಂಚೆ ಒಂದೇ ಒಂದು ನೋಡಿರೋದು. ಹಾಗೇ ಬಿಟ್ರೆ ದವಡೆ ಮೂಳೆ ತಿಂದ್ಹಾಕುತ್ತೆ. ದವಡೆ ಕತ್ತರಿಸದೆ ಗಡ್ಡೆ ಮಾತ್ರ ಕೆರೆದು ತೆಗೀಬಹುದು. ಆದ್ರೆ ಮತ್ತೆ ಬರಬಹುದು, ವರ್ಷಗಟ್ಲೆ ಬಂದು ತೋರಿಸ್ಬೇಕು."

"ದವಡೆ ಉಳಿಸಿ ಮೇಡಂ. ಎಷ್ಟು ವರ್ಷ ಅಂದ್ರೂ ಬರ್ತೀನಿ," ಎಂದೆ.

ಪಕ್ಕದ ಮನೆಯ ಶಾರದಕ್ಕ ಕಿವಿಮಾತು ಹೇಳಿದರು: "ಹೆಣ್ಣುಮಗು ಮಾರಾಯ್ತಿ, ಯಾರಿಗೂ ಹೇಳ್ಬೇಡ. ನಾಳೆ ಮದ್ವೆಗೆ ತೊಂದ್ರೆ."

"ದವಡೆ ಇರೋದು ಊಟ ಮಾಡೋಕೆ ಶಾರದಕ್ಕ, ಮದ್ವೆಗಲ್ಲ," ಎಂದು ಬೀಗಿದೆ. ಬೀಗಿದ್ದಷ್ಟೇ ಬಂತು. ಆಪರೇಷನ್ನಿನಲ್ಲಿ ಎರಡು ಹಲ್ಲು ಹೋಗಿ ಕೆನ್ನೆ ಸ್ವಲ್ಪ ಒಳಗೆ ಕೂತ ಮೇಲೆ, ಕೇಳಿದವರಿಗೆಲ್ಲ "ಹುಳುಕು ಹಲ್ಲು ಕೀಳ್ಸಿದ್ವಿ" ಎಂದು ಮೂರು ವರ್ಷ ಸುಳ್ಳು ಹೇಳಿದವಳೂ ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಇವತ್ತು ಮತ್ತೆ ತೋರಿಸುವ ದಿನ. ಸ್ಕ್ಯಾನ್ ಮುಗಿದಿದೆ, ಡಾಕ್ಟರಮ್ಮ ಏನು ಹೇಳುತ್ತಾರೋ ಎಂದು ಹೊರಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸೊಬ್ಬರು, "ಏನಾಯ್ತಮ್ಮಾ ಮಗೂ ಕೆನ್ನೆಗೆ?" ಎಂದು ಕೇಳಿದರು. ನಾನು ಹುಳುಕು ಹಲ್ಲಿನ ಕಥೆಗೆ ಬಾಯಿ ತೆರೆಯುವಷ್ಟರಲ್ಲಿ ಚಿನ್ಮಯಿ ಅವರತ್ತ ನೇರವಾಗಿ ಮುಖ ತಿರುಗಿಸಿದಳು.

"ದವಡೇಲಿ ಗಡ್ಡೆ ಬಂದಿತ್ತು ಆಂಟಿ, ತೆಗ್ಸಿದ್ವಿ. ಮತ್ತೆ ಬಂದಿದ್ಯಾ ಅಂತ ತೋರಿಸೋಕೆ ಹೋಗ್ತಿದೀವಿ. ಬಂದಿದ್ರೆ ಮತ್ತೆ ತೆಗ್ಸ್ತೀವಿ."

ಆ ಹೆಂಗಸು ನಿಜವೇ ಎಂಬಂತೆ ನನ್ನ ಮುಖ ನೋಡಿದರು.

"ಹೌದು," ಎಂದೆ.