ಕೊನೇಮಾಮನ ಹಿಂದೆ ನಡೆದವಳು

ನಾಲ್ಕು ಜನ ಒಟ್ಟಿಗೆ ಹೊರಟರೆ ಎಲ್ಲರ ಕಣ್ಣೂ ಮುಂದೆ ಹೋಗುವವರ ಮೇಲೆಯೇ. ದಾರಿ ತೋರಿಸಿದವರಿಗೆ ಹೆಸರು, ತುದಿ ಮುಟ್ಟಿದವರಿಗೆ ಚಪ್ಪಾಳೆ, ಫೋಟೋದಲ್ಲಿ ನಡುವಿನ ಜಾಗ. ಕೊನೆಯಲ್ಲಿ ಬರುವವನು ಬಂದನೋ ಬಿಟ್ಟನೋ ಎಂದು ಕೇಳುವ ಪುಣ್ಯಾತ್ಮರು ಕಡಿಮೆ. ಇದು ಅಂಥ ಒಬ್ಬ ಕೊನೆಯವನ ಕಥೆ. ಮೂವತ್ತೊಂದು ವರ್ಷ ಅವನು ಬೇಕೆಂದೇ ಕೊನೆಯಲ್ಲಿ ನಡೆದ.

ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದದ್ದು ಬೂಟು, ಚಪ್ಪಲಿ ರಿಪೇರಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಔಷಧಿ ಅಂಗಡಿಗೂ ಬೀಗ ಮಾಡುವವನ ಅಂಗಡಿಗೂ ನಡುವೆ, ಕಪಾಟಿಗಿಂತ ಸ್ವಲ್ಪವೇ ದೊಡ್ಡದಾದ ಜಾಗ. ಒಬ್ಬ ಗಿರಾಕಿ ಒಳಗೆ ಬಂದರೆ ಇನ್ನೊಬ್ಬ ಹೊರಗೆ ನಿಲ್ಲಬೇಕು. ಒಂದು ಗಿಡ್ಡ ಸ್ಟೂಲು, ಗೋಡೆಗೆ ಸಾಲಾಗಿ ತೂಗುಹಾಕಿದ ಅಟ್ಟೆಗಳು, ಡಬ್ಬಿ ಮುಚ್ಚಿದ್ದರೂ ಮೂಗಿಗೆ ಬಡಿಯುವ ಸಲ್ಯೂಷನ್ ಅಂಟಿನ ವಾಸನೆ. ಅಂಗಡಿಯ ಹಿಂದೆಯೇ ಎರಡು ಕೋಣೆಯ ಮನೆ. ಅಲ್ಲಿ ಅವನೂ ಅವನ ಅಕ್ಕನೂ ಇದ್ದರು. ಅಕ್ಕ ಗಂಡ ಸತ್ತ ಮೇಲೆ ತಮ್ಮನ ಜೊತೆಗೆ ಬಂದು ನಿಂತವಳು. ಆಸ್ಪತ್ರೆಯೊಂದರಲ್ಲಿ ಹೊದಿಕೆ, ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕಿ ಹಾಕಿ ನಿವೃತ್ತಳಾದವಳು. ಅವನ ಮದುವೆ ಎರಡು ಸಲ ಬಾಗಿಲವರೆಗೆ ಬಂದು ತಿರುಗಿ ಹೋಗಿತ್ತು. "ಹುಡುಗಿ ಮುಖ ನೋಡು ಅಂದ್ರೆ ಕಾಲು ನೋಡ್ತಾ ಕೂತ್ಕೊಂಡ, ಇನ್ನೇನಾಗತ್ತೆ" ಎಂದು ಅಕ್ಕ ಬಂದವರ ಮುಂದೆಲ್ಲ ಅವನ ಮಾನ ಕಳೆಯುತ್ತಿದ್ದಳು. ಅವನು ನಗುತ್ತಿದ್ದ. ಅದು ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಆ ಕಾಲು ನೋಡುವ ಚಟವೇ ಅವನನ್ನು ಕಾಡಿಗೆ ಕರೆದುಕೊಂಡು ಹೋಯಿತು. ಪಕ್ಕದ ಶಾಲೆಯ ಡ್ರಿಲ್ ಮೇಷ್ಟ್ರೊಬ್ಬರು ಪ್ರತಿ ಬೇಸಿಗೆ ರಜೆಯಲ್ಲಿ ಹದಿಮೂರರಿಂದ ಹದಿನಾರು ವಯಸ್ಸಿನ ಇಪ್ಪತ್ತು ಮಕ್ಕಳನ್ನು ಕಟ್ಟಿಕೊಂಡು, ಬೆನ್ನಮೇಲೆ ಡೇರೆ ಹೊರಿಸಿ, ಐದು ದಿನ ಬೆಟ್ಟಕಾಡಿನಲ್ಲಿ ನಡೆಸುತ್ತಿದ್ದರು. ಒಂದು ವರ್ಷ ಮಕ್ಕಳ ಬೂಟುಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಇವನ ಅಂಗಡಿಗೆ ತಂದರು. ಇವನು ಅವನ್ನು ಸಾಲಾಗಿ ಮಗುಚಿಟ್ಟು ನೋಡಿ, ಒಂದು ಜೊತೆಯನ್ನು ಪಕ್ಕಕ್ಕೆ ಸರಿಸಿದ. "ಈ ಬೂಟಿನ ಮಗು ಮೂರನೇ ದಿನ ಕೂತ್ಬಿಡತ್ತೆ ಮೇಷ್ಟ್ರೇ. ಹಿಮ್ಮಡಿ ಒಳಗಡೆ ಸವೆದಿದೆ ನೋಡಿ, ಕಾಲು ಎಳ್ಕೊಂಡು ನಡೆಯತ್ತೆ." ಮೇಷ್ಟ್ರು ನಕ್ಕರು. ಮೂರನೆಯ ದಿನ ಆ ಮಗು ಬಂಡೆಯೊಂದರ ಮೇಲೆ ಕೂತು ಏಳಲಿಲ್ಲ. ಮರುವರ್ಷ ಮೇಷ್ಟ್ರು ಬೂಟುಗಳ ಜೊತೆ ಅವನನ್ನೂ ಎಳೆದುಕೊಂಡು ಹೋದರು.

"ನೀನು ಎಲ್ಲರಿಗಿಂತ ಕೊನೇಲಿ ನಡಿ. ನಿನ್ನ ಹಿಂದೆ ಒಂದು ನರಪಿಳ್ಳೆಯೂ ಉಳೀಬಾರ್ದು. ಅಷ್ಟೇ ನಿನ್ನ ಕೆಲಸ" ಎಂದರು.

ಕೆಲಸ ಅಷ್ಟೇ. ಆದರೆ ಅದನ್ನು ಅವನಂತೆ ಮಾಡಿದವರು ಯಾರೂ ಇರಲಿಲ್ಲ. ಸುಸ್ತಾದ ಮಗುವಿಗೆ ಸುಸ್ತಿಗಿಂತ ಹೆಚ್ಚು ನೋವು ಕೊಡುವುದು ತನ್ನಿಂದ ತಡವಾಗುತ್ತಿದೆ ಎಂಬ ನಾಚಿಕೆ. ಅದು ಅವನಿಗೆ ಯಾರೂ ಹೇಳಿಕೊಡದೆ ತಿಳಿದಿತ್ತು. ಆದ್ದರಿಂದ ಅವನು ಎಂದೂ "ಕೂತ್ಕೋ ಮಗೂ" ಎನ್ನುತ್ತಿರಲಿಲ್ಲ. ಏದುಸಿರು ಬಿಡುವ ಮಗುವನ್ನು ಕಂಡರೆ ತಾನೇ ನಿಂತು, "ತಡಿ, ನನ್ನ ಲೇಸು ಬಿಚ್ಚಿತು" ಎಂದು ಬಗ್ಗುತ್ತಿದ್ದ. ಇಲ್ಲವೇ ಬೂಟಿಗೆ ಕಲ್ಲು ಹೊಕ್ಕಿತು ಎನ್ನುತ್ತಿದ್ದ, ಮೇಲೆ ಯಾವುದೋ ಹಕ್ಕಿ ಕೂತಿದೆ ಎನ್ನುತ್ತಿದ್ದ. ಊರಿಗೆಲ್ಲ ಬೂಟು ಹೊಲಿಯುವವನ ಲೇಸು ದಿನಕ್ಕೆ ಹದಿನೈದು ಸಲ ಬಿಚ್ಚುತ್ತದೆ ಎಂದು ಮಕ್ಕಳು ಕಿಸಿಕಿಸಿ ನಗುತ್ತಿದ್ದವು. ನಗುವಷ್ಟರಲ್ಲಿ ಉಸಿರು ಮರಳುತ್ತಿತ್ತು. ಕೊನೇಮಾಮ ಎಂಬ ಹೆಸರಿಟ್ಟವರು ಅವರೇ. ಹಾಗಾದರೆ ಮೊದಲನೇಮಾಮ ಯಾರು ಎಂದು ಯಾರಾದರೂ ಕೇಳಿದರೆ ಅವನು, "ಅವನು ಮುಂದೆ ಹೋಗಿದಾನೆ, ಸಿಕ್ಕಿದ್ರೆ ಹೇಳ್ತೀನಿ" ಎನ್ನುತ್ತಿದ್ದ.

ಹಾಗೆ ಅವನು ಹಿಂದಿನಿಂದ ಕಾದು ಕರೆತಂದ ಮಕ್ಕಳಲ್ಲಿ ಒಬ್ಬಳು ಗುಬ್ಬಿ. ಹದಿಮೂರು ವರ್ಷದವಳಾದರೂ ಹತ್ತರವಳಂತೆ ಕಾಣುತ್ತಿದ್ದಳು, ಬೆನ್ನ ಚೀಲವೇ ಅವಳಿಗಿಂತ ದೊಡ್ಡದು. ಮೊದಲ ದಿನ ಅತ್ತಳು, ಎರಡನೆಯ ದಿನ ವಾಪಸ್ ಹೋಗುತ್ತೇನೆಂದು ಹಟ ಹಿಡಿದಳು, ಐದನೆಯ ದಿನ ಮುಂದಿನ ವರ್ಷ ಯಾವಾಗ ಎಂದು ಕೇಳಿದಳು. ಆಮೇಲೆ ಅವಳು ಒಂದು ಬೇಸಿಗೆಯನ್ನೂ ತಪ್ಪಿಸಲಿಲ್ಲ. ಮೇಷ್ಟ್ರು ತೀರಿಕೊಂಡ ಮೇಲೆ ಅದೇ ಶಾಲೆಗೆ ಡ್ರಿಲ್ ಟೀಚರಾಗಿ ಬಂದು, ಈಗ ಹನ್ನೆರಡು ವರ್ಷದಿಂದ ಮುಂದೆ ನಡೆಯುವವಳು ಅವಳೇ. ಮಕ್ಕಳ ಬಾಯಲ್ಲಿ ಮಿಸ್. ಅವನ ಬಾಯಲ್ಲಿ ಇವತ್ತಿಗೂ ಗುಬ್ಬಿ. ತನಗೆ ಮಗಳಿದ್ದಿದ್ದರೆ ಎಂದು ಅವನು ಯಾವತ್ತೂ ಯೋಚಿಸಲಿಲ್ಲ, ಅದರ ಅಗತ್ಯವೇ ಬೀಳಲಿಲ್ಲ.

ಉಳಿದ ಮುನ್ನೂರ ಅರವತ್ತು ದಿನ ಅವನು ಸ್ಟೂಲಿನ ಮೇಲೆ ಬಗ್ಗಿ ಕೂತು ಕಳೆದದ್ದು ಈ ಐದು ದಿನದ ಆಸೆಯಲ್ಲಿ. ಅರವತ್ತಾರು ದಾಟಿತ್ತು. ಎರಡು ವರ್ಷದಿಂದ ಏರು ಹತ್ತುವಾಗ ಎದೆ ಬಿಗಿಯುತ್ತಿತ್ತು, ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಸಲ್ಯೂಷನ್ ವಾಸನೆಯ ಕಾಟ ಎಂದು ಅಕ್ಕನ ಬಾಯಿ ಮುಚ್ಚಿಸಿದ್ದ. ಡಾಕ್ಟರ ಹತ್ತಿರ ಹೋದರೆ ಬೇಡ ಎನ್ನುತ್ತಾರೆ, ಬೇಡ ಎಂದರೆ ಗುಬ್ಬಿಗೆ ಹೇಳಬೇಕಾಗುತ್ತದೆ ಎಂದು ಅತ್ತ ತಲೆಯನ್ನೇ ಹಾಕಲಿಲ್ಲ. ಕೊನೆಯವನ ಜಾಗ ಹೋದರೆ ಆ ಸಾಲಿನಲ್ಲಿ ಅವನಿಗೆ ಬೇರೆ ಜಾಗವಿಲ್ಲ. ಮುಂದೆ ನಡೆಯಲು ದಾರಿ ಗೊತ್ತಿಲ್ಲ, ನಡುವೆ ನಡೆಯಲು ಅವನು ಮಗುವಲ್ಲ.

ಈ ವರ್ಷ ಇಪ್ಪತ್ತೆರಡು ಮಕ್ಕಳು. ಹೊರಟ ದಿನವೇ ಅವನಿಗೆ ಒಂದು ವಿಷಯ ಖುಷಿ ಕೊಟ್ಟಿತು: ಈ ಸಲದ ಮಕ್ಕಳು ಬಲು ಮೆತ್ತಗಿದ್ದವು. ಹೊಳೆ ದಾಟಿದ ಕೂಡಲೇ ಒಬ್ಬನಿಗೆ ಬೂಟಿನಲ್ಲಿ ಕಲ್ಲು. ಏರು ಶುರುವಾಗುವ ಮೊದಲೇ ಇಬ್ಬರು ಹುಡುಗಿಯರಿಗೆ ನೀರಡಿಕೆ. ಅರ್ಧ ಗಂಟೆಗೊಮ್ಮೆ ಯಾರಾದರೊಬ್ಬರು ಹಕ್ಕಿ ಎಂದು ಬೆರಳು ತೋರಿಸಿ ನಿಲ್ಲುವುದು, ಇವನು ಹೋಗಿ ನೋಡಿದರೆ ಖಾಲಿ ಕೊಂಬೆ. ಹಾಗೆ ನಿಂತಾಗಲೆಲ್ಲ ಅವನ ಎದೆಯೂ ಸಡಿಲವಾಗುತ್ತಿತ್ತು.

"ಏನೇ ಗುಬ್ಬೀ, ಈ ಸಲ ಎಂಥಾ ಬೆಣ್ಣೆಮುದ್ದೆಗಳನ್ನ ಕರ್ಕೊಂಡು ಬಂದಿದೀಯ" ಎಂದು ಮೊದಲ ಸಂಜೆ ಅವಳ ಕಾಲೆಳೆದ.

"ಈಗಿನ ಮಕ್ಕಳು ಮಾಮ, ಏನ್ ಮಾಡೋದು" ಎಂದು ಅವಳು ಡೇರೆಯ ಗೂಟ ಬಡಿಯತೊಡಗಿದಳು. ಮುಖ ಎತ್ತಲಿಲ್ಲ.

ಅವನಿಗೆ ಅರ್ಥವಾಗದೆ ಉಳಿದದ್ದು ಒಂದೇ, ಆ ಗುಂಪಿನ ಒಬ್ಬ ಉದ್ದನೆಯ ಹುಡುಗಿ. ಹದಿನೈದು ವರ್ಷ, ಜಿಂಕೆಗಾಲು, ಶಾಲೆಯ ಓಟದಲ್ಲಿ ಗಂಡುಮಕ್ಕಳನ್ನೂ ಹಿಂದೆ ಹಾಕಿದವಳು. ಅವಳ ಬೂಟನ್ನು ಅಂಗಡಿಯಲ್ಲೇ ನೋಡಿದ್ದ: ಅಟ್ಟೆಯ ಮುಂಭಾಗ ಸಮನಾಗಿ ಸವೆದ, ಎಳ್ಳಷ್ಟೂ ದೋಷವಿಲ್ಲದ ನಡಿಗೆ. ಅಂಥವಳು ಮೂರು ದಿನವೂ ಅವನ ಹತ್ತಿರವೇ ಸುಳಿದಾಡುತ್ತಿದ್ದಳು. ಗೆಳತಿಯರ ಜೊತೆ ಠೂ ಬಿಟ್ಟಿರಬೇಕು ಎಂದುಕೊಂಡ. ಮುಂದೆ ಹೋಗು ಎಂದರೆ ಎರಡು ಹೆಜ್ಜೆ ಮುಂದಿಡುವಳು, ತಿರುವು ಬಂದೊಡನೆ ಹೇಗೋ ಮತ್ತೆ ಅವನ ಹಿಂದೆ.

ನಾಲ್ಕನೆಯ ದಿನ ಮಧ್ಯಾಹ್ನ, ಬಂಡೆಗಳ ನಡುವಿನ ಕಡಿದಾದ ಏರಿನಲ್ಲಿ, ಅವನಿಗೆ ಕಣ್ಣು ಕತ್ತಲಿಟ್ಟಂತಾಯಿತು. ಬಂಡೆಗೆ ಕೈಕೊಟ್ಟು ನಿಂತ. ಹಿಂದಿನಿಂದ ಆ ಹುಡುಗಿಯ ದನಿ ಕೇಳಿತು.

"ಮಾಮ, ಒಂದ್ನಿಮಿಷ. ನನ್ನ ಲೇಸು ಬಿಚ್ಚಿತು."

ಅವನು ತಿರುಗಿ ನೋಡಿದ. ಅವಳು ಆಗಲೇ ಬಗ್ಗಿದ್ದಳು, ಅವನ ಕಣ್ಣು ತನ್ನ ಮೇಲಿದೆ ಎಂದು ಗೊತ್ತಿರಲಿಲ್ಲ. ಲೇಸಿಗೆ ಎರಡು ಗಂಟು, ಗಟ್ಟಿಯಾಗಿ ಕೂತಿತ್ತು. ಅವಳು ಉಗುರಿನಿಂದ ಕೆದಕಿ ಮೊದಲು ಅದನ್ನು ಬಿಚ್ಚಿದಳು, ಆಮೇಲೆ ಕಟ್ಟತೊಡಗಿದಳು.

ಜೀವಮಾನವಿಡೀ ಬೂಟು ನೋಡಿದವನಿಗೆ ಇನ್ನೇನು ಬೇಕು? ಕಲ್ಲು ಹೊಕ್ಕ ಹುಡುಗ, ನೀರಡಿಸಿದ ಹುಡುಗಿಯರು, ಇಲ್ಲದ ಹಕ್ಕಿಗಳು, ಗೂಟ ಬಡಿಯುತ್ತ ತಲೆ ತಗ್ಗಿಸಿದ ಗುಬ್ಬಿ, ಎಲ್ಲ ಒಂದೇ ಏಟಿಗೆ ಅರ್ಥವಾಯಿತು. ಬೆಣ್ಣೆಮುದ್ದೆ ಯಾರೆಂದು ಇಪ್ಪತ್ತೆರಡು ಮಕ್ಕಳಿಗೂ ಮೊದಲ ದಿನದಿಂದ ಗೊತ್ತಿತ್ತು. ಮುಖ ಕಾದು ಕೆಂಪಾಯಿತು. ಗುಬ್ಬಿಯ ಮೇಲೆ ಕೆಟ್ಟ ಕೋಪ ಬಂತು. ನೇರವಾಗಿ ಹೇಳಲು ಅವಳಿಗೇನು ಬಾಯಿ ಇರಲಿಲ್ಲವೇ?

"ನೀನು ಮುಂದೆ ಹೋಗಮ್ಮ, ನಾನು ಕೊನೇಲಿ ಬರ್ತೀನಿ" ಎಂದ.

"ಇಲ್ಲ ಮಾಮ, ನಂಗೆ ಕಾಲು ನೋಯ್ತಿದೆ."

"ಯಾವ ಕಾಲು?"

ಹುಡುಗಿ ತನ್ನ ಎರಡೂ ಕಾಲು ನೋಡಿಕೊಂಡಳು. ಯಾವುದು ಎಂದು ಮೊದಲೇ ಯೋಚಿಸಿರಲಿಲ್ಲ. "ನಿಮ್ಗೆ ಗೊತ್ತಾಗ್ಬಾರ್ದು ಅಂತ ಮಿಸ್ ಹೇಳಿದ್ರು. ನಾನೇ ಹಾಳು ಮಾಡ್ದೆ" ಎಂದು ಬಿಕ್ಕಿದಳು.

ಕೋಪ ಅಲ್ಲೇ ಇಳಿದುಹೋಯಿತು. ಅಳುವ ಮಗುವಿನ ಎದುರು ಅವನು ಎಂದೂ ಗಟ್ಟಿಯಾಗಿ ನಿಂತವನಲ್ಲ. ಪಕ್ಕದ ಬಂಡೆಯ ಮೇಲೆ ಕೂತು, ಅವಳನ್ನೂ ಕೂರಿಸಿಕೊಂಡ. ಕೆಳಗೆ ದೂರದಲ್ಲಿ ಅವರು ಬೆಳಿಗ್ಗೆ ದಾಟಿ ಬಂದ ಹಳ್ಳ ಬಿಸಿಲಿಗೆ ಹೊಳೆಯುತ್ತಿತ್ತು.

"ನನಗೇನೂ ಗೊತ್ತಾಗಿಲ್ಲ ಬಿಡು. ಗೊತ್ತಾಯ್ತು ಅಂತ ಯಾರಿಗೂ ಹೇಳ್ಬೇಡ. ಮಿಸ್‌ಗೆ ಬೇಜಾರಾಗತ್ತೆ."

"ನಿಮ್ಗೆ ಬೇಜಾರಾಗಿಲ್ವಾ ಮಾಮ?"

"ಆಗಿದೆ" ಎಂದ. ಮಕ್ಕಳಿಗೆ ಹಕ್ಕಿಯ ಸುಳ್ಳು ಹೇಳಿದ್ದನೇ ಹೊರತು ಇಂಥ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಆಮೇಲಿನ ಒಂದೂವರೆ ದಿನ ಅವನು ನಡೆದದ್ದು ಕಾಡಿನಲ್ಲಲ್ಲ, ಮಕ್ಕಳು ಆಡುತ್ತಿದ್ದ ನಾಟಕದಲ್ಲಿ. ಕಲ್ಲು ಹೊಕ್ಕಿತು ಎಂದರೆ "ತೆಗಿ ತೆಗಿ, ನಿಧಾನ" ಎಂದ. ಖಾಲಿ ಕೊಂಬೆಯ ಕಡೆ ನೋಡಿ "ಹೌದಲ್ಲ, ಎಷ್ಟು ಚೆನ್ನಾಗಿದೆ" ಎಂದ. ಬೆನ್ನ ಹಿಂದೆ ಆ ಹುಡುಗಿಯ ಹೆಜ್ಜೆ ಸಪ್ಪಳ ಒಂದು ಕ್ಷಣವೂ ಬಿಡಲಿಲ್ಲ. ಮೂವತ್ತೊಂದು ವರ್ಷ ಅವನ ಬೆನ್ನಿಗೆ ಬರೀ ಕಾಡು ಇತ್ತು. ಆ ಮೌನ ತನಗೆ ಎಷ್ಟು ಪ್ರಿಯವಾಗಿತ್ತೆಂದು ಅದು ಹೋದ ಮೇಲೆ ತಿಳಿಯಿತು. ನಡೆಯುತ್ತ ನಡೆಯುತ್ತ ಅವನು ಒಂದು ಮಾತುಕತೆ ಕಟ್ಟಿಕೊಂಡ. ತಾನೇ ಗುಬ್ಬಿಗೆ ಹೇಳುವುದು, ಇನ್ನು ಬರುವುದಿಲ್ಲ ಎಂದು. ಅವಳು, ಅದೆಂಥ ಮಾತು ಮಾಮ, ನೀವಿಲ್ಲದೆ ಹೇಗೆ ಎನ್ನುತ್ತಾಳೆ. ತಾನು ಆಗದು ಎನ್ನುವುದು. ಅವಳು ಇನ್ನೊಮ್ಮೆ ಬೇಡಿಕೊಳ್ಳುತ್ತಾಳೆ. ಆಗ ಅವಳ ತಲೆ ಸವರಿ, ಸಾಕು ಮಗಳೇ ಎಂದು ಖಡಾಖಂಡಿತವಾಗಿ ಹೇಳಿಬಿಡುವುದು. ಹಾಗೆ ಮುಗಿದರೆ ಮರ್ಯಾದೆಯಿಂದ ಮುಗಿದಂತೆ.

ಐದನೆಯ ದಿನ ಕಾಡಿನ ಅಂಚಿನ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ಮಕ್ಕಳು ಚೀಲಗಳ ಮೇಲೆ ಬಿದ್ದುಕೊಂಡಿದ್ದವು. ಗುಬ್ಬಿ ಒಬ್ಬಳೇ ಡೇರೆಯ ಬಟ್ಟೆ ಸುತ್ತುತ್ತಿದ್ದಳು. ಅವನು ಹೋಗಿ ಇನ್ನೊಂದು ತುದಿ ಹಿಡಿದ.

"ಗುಬ್ಬೀ, ಬರೋ ವರ್ಷ ನನ್ನನ್ನ ಲೆಕ್ಕಕ್ಕೆ ಹಿಡೀಬೇಡ. ಬೂಟು ಮಾತ್ರ ಒಂದು ವಾರ ಮುಂಚೆ ಕಳಿಸು, ನೋಡಿಕೊಡ್ತೀನಿ."

ಅವಳ ಕೈ ನಿಂತಿತು. ಅವನು ಕಾದ. ಅವಳು ಉಸಿರೊಂದನ್ನು ಉದ್ದಕ್ಕೆ ಬಿಟ್ಟಳು, ಬಿಗಿದಿದ್ದ ಹೆಗಲು ಕೆಳಗಿಳಿಯಿತು. ಅವಳ ಮುಖಕ್ಕೆ ದುಃಖವೂ ಬಂತು, ಆದರೆ ಅದಕ್ಕೆ ಮೊದಲು ಬಂದದ್ದು ನಿರಾಳ. ಅವನು ಅದನ್ನು ಸ್ಪಷ್ಟವಾಗಿ ಕಂಡ.

"ಸರಿ ಮಾಮ" ಎಂದಳು.

ಆಮೇಲೆ ಅವನ ಎರಡೂ ಕೈ ಹಿಡಿದುಕೊಂಡಳು. ಅವನಿಲ್ಲದಿದ್ದರೆ ತಾನು ಹದಿಮೂರನೇ ವಯಸ್ಸಿನಲ್ಲೇ ಮನೆಗೆ ಓಡಿಹೋಗುತ್ತಿದ್ದೆ ಎಂದಳು. ಎಷ್ಟು ಮಕ್ಕಳು, ಎಷ್ಟು ವರ್ಷ ಎಂದಳು. ವಾರಕ್ಕೊಮ್ಮೆ ಅಂಗಡಿಗೆ ಬರುತ್ತೇನೆ, ಮೊದಲು ಡಾಕ್ಟರಿಗೆ ತೋರಿಸೋಣ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದಳು. ಅಳುತ್ತಳುತ್ತಲೇ ಹೇಳಿದಳು, ಒಂದು ಮಾತೂ ಸುಳ್ಳಲ್ಲ. ಅವನು ಎಲ್ಲಕ್ಕೂ ತಲೆಯಾಡಿಸಿದ. ಬಸ್ಸು ಬಂತು.

ಸಂಜೆ ಮನೆಗೆ ಬಂದಾಗ ಅಕ್ಕ ಅಡುಗೆಕೋಣೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಅವನು ಬಾಗಿಲಲ್ಲೇ ಕೂತು ಬೂಟು ಬಿಚ್ಚಿದ.

"ಬಿಟ್ಟುಬಿಟ್ಟೆ ಅಕ್ಕ. ಇನ್ನು ಹೋಗಲ್ಲ ಅಂತ ಹೇಳಿ ಬಂದೆ."

ಅಕ್ಕ ಚಾಕು ಕೆಳಗಿಟ್ಟಳು. "ಒಳ್ಳೇದಾಯ್ತು ಕಣೋ. ಹೋದ ವರ್ಷವೇ ಹೇಳ್ಬೇಕು ಅಂತಿದ್ದೆ, ನಾಲಿಗೆ ಏಳಲಿಲ್ಲ. ಗುಬ್ಬಿ ಏನಂದ್ಲು?"

"ಸರಿ ಮಾಮ ಅಂದ್ಲು."

ಅರವತ್ತಾರು ವರ್ಷದ ಗಂಡಸು ಹೊಸ್ತಿಲ ಮೇಲೆ ಕೂತು, ಮುಖ ಮುಚ್ಚಿಕೊಳ್ಳಲೂ ಹೋಗದೆ ಅತ್ತ. ಅಕ್ಕ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ಒಂದೇ ಒಂದು ಸಲ ಬೇಡ ಮಾಮ ಅನ್ನಬಹುದಿತ್ತು ಅಕ್ಕ."

"ಅಂದಿದ್ರೆ ಬರೋ ವರ್ಷ ಹೋಗ್ತಿದ್ಯಾ?"

ಅವನು ಬಿಚ್ಚಿಟ್ಟ ಬೂಟನ್ನು ಮಗುಚಿ ಅಟ್ಟೆ ನೋಡಿದ.

"ಇಲ್ಲ. ಹೋಗ್ತಿರ್ಲಿಲ್ಲ" ಎಂದ. "ಆದ್ರೂ ಅನ್ನಬಹುದಿತ್ತು."