ಮೂರು ಮೆಟ್ಟಿಲಿನ ಪ್ರಸಂಗಪೀಠ

ಮಿತ್ರರೇ, ಸಮಸ್ತ ಲೋಕಕ್ಕೆ ಈ ಮೂಲಕ ತಿಳಿಸುವುದೇನೆಂದರೆ, ಬಂಟ್ವಾಳದ ನಮ್ಮ ಲೂಥರನ್ ಚರ್ಚಿನಲ್ಲಿ ಪಾದ್ರಿಯವರು ನಿಂತು ಬೋಧಿಸುವ ಪ್ರಸಂಗಪೀಠಕ್ಕೆ ಮೂರು ಮೆಟ್ಟಿಲುಗಳುಂಟು.

ಇಂದು ಪಾದ್ರಿಯವರ ಬಸ್ಸು ಪುಂಜಾಲಕಟ್ಟೆಯಲ್ಲಿ ಕೆಟ್ಟು ನಿಂತಿತು. ಅವರ ಬದಲಿಗೆ ಪ್ರಸಂಗ ಮಾಡಲು ಅವರ ಕೈಕೆಳಗಿನ ನಮ್ಮ ಉಪದೇಶಿ ಬೈಬಲ್ ಹಿಡಿದು ಮೊದಲ ಮೆಟ್ಟಿಲು ಹತ್ತಿದರು. ಸಭೆಯ ಹಿರಿಯರೊಬ್ಬರು ಗುಡುಗಿದರು:

"ಉಪದೇಶಿಗಳೇ, ಇಳಿಯಿರಿ! ಅದು ಪಾದ್ರಿಯವರ ಜಾಗ."

"ನಿನ್ನೆ ನಾನೇ ಅಲ್ವಾ ಹತ್ತಿ ಗುಡಿಸಿದ್ದು?"

"ಗುಡಿಸ್ಲಿಕ್ಕೆ ಹತ್ತಬಹುದು ಮಾರಾಯ್ರೇ, ಪ್ರಸಂಗಕ್ಕೆ ಆಗುದಿಲ್ಲ!"

ಪಾಪ, ಅವರು ಇಳಿದು ನೆಲದಲ್ಲೇ ನಿಂತು ಬೋಧಿಸಿದರು. ಹಿಂದಿನ ಬೆಂಚಿನ ಅಜ್ಜಿಯಂದಿರಿಗೆ ಅವರ ತಲೆಯೂ ಕಾಣಲಿಲ್ಲ. ಸ್ವರಾಜ್ಯ ಬಂದು ಹತ್ತು ವರ್ಷವಾದರೂ ಈ ಮನುಷ್ಯನಿಗೆ ಮೂರು ಮೆಟ್ಟಿಲು ಸಿಕ್ಕಿಲ್ಲ!

ಮುಂದಿನ ಭಾನುವಾರವೂ ಆ ಬಸ್ಸನ್ನು ನಂಬುವಂತಿಲ್ಲ. ಬರುವಾಗ ಯಾರಾದರೂ ಗುಡಿಸುವ ಒಂದು ಹಿಡಿಸೂಡಿ ತನ್ನಿ. ಬೈಬಲಿನ ಜೊತೆಗೆ ಅದನ್ನೂ ಹಿಡಿದುಕೊಂಡು ಉಪದೇಶಿಯವರು ಮೇಲೆ ಹತ್ತಲಿ.